ನಮ್ಮ ಮನೆಯ ಮೂವತ್ತೈದು

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದ ಕಾಲದಲ್ಲಿ ನಮ್ಮೂರಿನಲ್ಲಿ ‘ಮೂವತ್ತೈದು’ ಎಂಬ ಮಾತಿಗೆ ಎರಡು ಅರ್ಥಗಳಿದ್ದವು. ಶಾಲೆಯ ಹುಡುಗರಿಗೆ ಅದು ಪಾಸಾಗಲು ಬೇಕಾದ ಅಂಕ. ಹೊಲ ತೋಟಗಳವರಿಗೆ ಅದು ನಮ್ಮ ಮನೆಯ ಟ್ರಾಕ್ಟರು. “ನಿಮ್ಮ ಮೂವತ್ತೈದು ಏನಾಯ್ತಪ್ಪ?” ಎಂದು ಯಾರಾದರೂ ಬೀದಿಯಲ್ಲಿ ನಿಲ್ಲಿಸಿ ಕೇಳಿದರೆ, ಗಣಿತದ ಪರೀಕ್ಷೆ ಮುಗಿದ ದಿನಗಳಲ್ಲಂತೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಕೇಳಿದವರು ಟ್ರಾಕ್ಟರನ್ನು ಕುರಿತು ಕೇಳುತ್ತಿದ್ದಾರೆ ಎಂದು ತಿಳಿದ ಮೇಲೆಯೇ ಉಸಿರು ಸಮಸ್ಥಿತಿಗೆ ಬರುತ್ತಿದ್ದುದು.

ಈಗ ನನಗೂ ಮೂವತ್ತೈದು ತುಂಬಿದೆ. ಪಟ್ಟಣದ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕ. ಹಳಗನ್ನಡ ಕಾವ್ಯದ ಸಮಾಸಗಳನ್ನು ಬಿಡಿಸುವುದು ನನ್ನ ಕಸುಬು. ನಟ್ಟು ಬೋಲ್ಟುಗಳನ್ನು ಬಿಡಿಸುವುದು ನನ್ನಿಂದಾಗದು ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ಸತ್ಯ. ತಂದೆಯವರು ನನ್ನನ್ನು ಆ ಟ್ರಾಕ್ಟರಿನ ಸೀಟಿನ ಮೇಲೆ ಎಂದೂ ಕೂರಿಸಲಿಲ್ಲ. “ನೀನು ಓದಿಕೋ ಹೋಗು” ಎಂಬುದೊಂದೇ ಅವರ ಮಾತು. ನನ್ನ ವಯಸ್ಸಿನ ಹುಡುಗರೆಲ್ಲ ತಮ್ಮ ತಮ್ಮ ಅಪ್ಪಂದಿರ ಗಾಡಿಗಳನ್ನು ಓಡಿಸಿ ಮೀಸೆ ತಿರುವುತ್ತಿದ್ದಾಗ ನಾನು ಜಗಲಿಯ ಕಂಬಕ್ಕೆ ಒರಗಿ ಪುಸ್ತಕ ಹಿಡಿದಿರುತ್ತಿದ್ದೆ. ಇವನು ಕೆಲಸಕ್ಕೆ ಬಾರದವನು ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದಾರೆ ಎಂಬ ಸಣ್ಣ ಕಹಿಯೊಂದು ಅಂದಿನಿಂದ ನನ್ನ ಮನಸ್ಸಿನ ತಳದಲ್ಲಿ ಉಳಿದುಬಿಟ್ಟಿತ್ತು. ಅದು ಕರಗಿದ್ದು ಕಳೆದ ದಸರೆಯ ರಜೆಯಲ್ಲಿ. ಆ ಕತೆಯನ್ನೇ ಈಗ ಹೇಳಹೊರಟಿದ್ದೇನೆ.

ನಮ್ಮೂರು ತಿಪಟೂರಿನ ಕಡೆಯದು. ತೆಂಗು, ಅಡಿಕೆ, ರಾಗಿ ನಮ್ಮ ಬದುಕು. 1973ರಲ್ಲಿ ನನ್ನ ತಾತ ಎರಡು ಜೊತೆ ಎತ್ತುಗಳನ್ನು ಮಾರಿ, ಅಟ್ಟದ ಮೇಲಿದ್ದ ಕೊಬ್ಬರಿಯನ್ನೆಲ್ಲ ಇಳಿಸಿ ತೂಗಿಸಿ, ಸಾಲದೆ ಬಂದ ಹಣಕ್ಕೆ ಸಾಲವನ್ನೂ ಮಾಡಿ, ಚಿಕ್ಕಮಗಳೂರು ಸೀಮೆಯ ಕಾಫಿ ತೋಟದವರೊಬ್ಬರಿಂದ ಈ ಗಾಡಿಯನ್ನು ಕೊಂಡು ತಂದರಂತೆ. ಅಷ್ಟು ಹೊತ್ತಿಗೇ ಅದು ಹಳೆಯದು. ಹೆಸರು ಮ್ಯಾಸಿ ಫರ್ಗುಸನ್ 35. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1957ರಿಂದ 1964ರವರೆಗೆ ಈ ಹೆಸರಿನಿಂದ ತಯಾರಾದ ಮಾದರಿ. ಕೆಂಪು ಬಾನೆಟ್ಟು, ಬೂದುಬಣ್ಣದ ಮೈ. ಅದರ ಬಂಧುಬಳಗ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. 1960ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಟಾಫೆ ಸಂಸ್ಥೆ ಮ್ಯಾಸಿ ಫರ್ಗುಸನ್ನರ ಸಹಯೋಗದಿಂದ ಇದೇ ಕುಲದ ಟ್ರಾಕ್ಟರುಗಳನ್ನು ನಮ್ಮಲ್ಲಿಯೇ ಕಟ್ಟತೊಡಗಿತು. ಇಂದಿಗೂ ನಮ್ಮ ಹಳ್ಳಿಗಳ ದಾರಿಯಲ್ಲಿ ಆ ಮುಖಲಕ್ಷಣದ ಗಾಡಿಗಳು ಎದುರಾಗುತ್ತವೆ.

ತಂದೆಯವರಿಗೆ ಎಪ್ಪತ್ತೈದು ಸಮೀಪಿಸಿತು. ಮಂಡಿನೋವಿನಿಂದ ಕ್ಲಚ್ಚು ತುಳಿಯಲು ಆಗುತ್ತಿರಲಿಲ್ಲ. ಹಳೆಯ ಕಬ್ಬಿಣದ ವ್ಯಾಪಾರಿಯೊಬ್ಬ ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿಹೋಗಿದ್ದ. ಅದನ್ನು ಕೇಳಿದ ಅಮ್ಮ, “ಮನೆಯ ಹಿರಿಮಗನನ್ನು ತಕ್ಕಡಿಗೆ ಹಾಕುತ್ತಾರೆಯೇ!” ಎಂದು ಕಣ್ಣೊರೆಸಿಕೊಂಡರಂತೆ. ಅಷ್ಟರಲ್ಲಿ ಪಕ್ಕದ ಊರಿನ ತರುಣನೊಬ್ಬ ತನ್ನ ಅಡಿಕೆ ತೋಟದ ಉಳುಮೆಗೆ ಸಣ್ಣ ಗಾಡಿಯೊಂದು ಬೇಕೆಂದು ಕೇಳಿಕಳಿಸಿದ. ಗಾಡಿಯ ಫೋಟೋವನ್ನೂ ಅದರ ವಿವರವನ್ನೂ ಬರೆದು ಮೊಬೈಲಿಗೆ ಕಳಿಸಬೇಕೆಂದು ಅವನ ಕೋರಿಕೆ. ಬರೆಯುವ ಕೆಲಸವೆಂದ ಮೇಲೆ ಅದು ಮನೆಯ ಮೇಷ್ಟರ ಪಾಲಿಗೆ ಬಂತು.

“ವಿವರ ಎಲ್ಲಿದೆಯಪ್ಪ?” ಎಂದು ಕೇಳಿದೆ.

ತಂದೆಯವರು ದೇವರ ಗೂಡಿನಿಂದ ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಪುಸ್ತಕವನ್ನು ತೆಗೆದುಕೊಟ್ಟರು. ಕಾಫಿ ತೋಟದವರು ಗಾಡಿಯ ಜೊತೆಯಲ್ಲಿ ಕೊಟ್ಟಿದ್ದ ಇಂಗ್ಲೀಷಿನ ಕೈಪಿಡಿ ಅದು. ರಕ್ಷಾಪುಟದ ಮೇಲೆ ಐವತ್ತು ಆಯುಧಪೂಜೆಗಳ ಕುಂಕುಮ ದಪ್ಪನಾಗಿ ಕುಳಿತಿತ್ತು. ಒಳಗಿನ ಹಾಳೆಗಳಲ್ಲಿ ಒಂದು ಬೆರಳಿನ ಗುರುತೂ ಇರಲಿಲ್ಲ. ಪುಸ್ತಕವನ್ನು ಪೂಜಿಸುವ ನಮ್ಮ ಸಂಪ್ರದಾಯಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ.

ಸಂಜೆ ಜಗಲಿಯ ಮೇಲೆ ಕುಳಿತು ನಾನು ಪುಸ್ತಕವನ್ನು ಓದಿ ಕನ್ನಡದಲ್ಲಿ ಹೇಳುವುದು, ತಂದೆಯವರು ಅದಕ್ಕೆ ತಮ್ಮ ಭಾಷ್ಯವನ್ನು ಸೇರಿಸುವುದು, ಹೀಗೆ ವಿವರಪಟ್ಟಿ ತಯಾರಾಗತೊಡಗಿತು.

ಎಂಜಿನ್ನು ಪರ್ಕಿನ್ಸ್ ಕಂಪೆನಿಯ ಡೀಸೆಲ್ ಎಂಜಿನ್ನು, ಮೂರು ಸಿಲಿಂಡರು. ಒಂದೊಂದರ ಒಳವ್ಯಾಸ 3.6 ಅಂಗುಲ, ಪಿಸ್ಟನ್ನು ಮೇಲೆ ಕೆಳಗೆ ಓಡಾಡುವ ದೂರ 5 ಅಂಗುಲ. ಮೂರೂ ಸೇರಿದರೆ ಸುಮಾರು ಎರಡೂವರೆ ಲೀಟರು. ಸಿಲಿಂಡರಿನ ಅಗಲಕ್ಕಿಂತ ಓಟ ಉದ್ದವಾಗಿರುವುದರಿಂದ ನಿಧಾನವಾಗಿ ತಿರುಗುವಾಗಲೂ ಎಳೆಯುವ ಕಸುವು ಕುಂದುವುದಿಲ್ಲ.

“ಮೂರು ಜನ ಹೆಂಗಸರು ಒಂದೇ ಒರಳಿನಲ್ಲಿ ಸರದಿಯ ಮೇಲೆ ಒನಕೆ ಹಾಕಿದ ಹಾಗೆ ಅದರ ಸದ್ದು,” ಎಂದರು ತಂದೆಯವರು. “ಒಂದು ಒನಕೆ ತಪ್ಪಿದರೆ ನನಗೆ ಇಲ್ಲಿ ಕೂತಲ್ಲೇ ಗೊತ್ತಾಗುತ್ತೆ.”

ಶಕ್ತಿ 37 ಅಶ್ವಶಕ್ತಿ. ಇಲ್ಲಿ ನನ್ನ ಅಧ್ಯಾಪಕತನ ಜಾಗೃತವಾಯಿತು. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟ್ ಎಂಬಾತ ತನ್ನ ಉಗಿಯಂತ್ರದ ಬಲವನ್ನು ಜನರಿಗೆ ತಿಳಿಯುವ ಹಾಗೆ ಹೇಳಲು ಕುದುರೆಯ ಲೆಕ್ಕವನ್ನು ಹುಡುಕಿದನೆಂದೂ, 33,000 ಪೌಂಡು ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತುವುದೇ ಒಂದು ಅಶ್ವಶಕ್ತಿಯೆಂದೂ ವಿವರಿಸಿದೆ. ತಂದೆಯವರು ತಾಳ್ಮೆಯಿಂದ ಕೇಳಿ, “ನಮ್ಮೂರಲ್ಲಿ ಕುದುರೆ ಇದ್ದದ್ದು ಯಾರ ಹತ್ತಿರ? ಎಕರೆಗೆ ಒಂದು ಗಂಟೆ ಅಂತ ಬರಿ. ಕೇಳಿದವನಿಗೆ ಅರ್ಥ ಆಗುತ್ತೆ” ಎಂದರು. ಬರೆದೆ.

ಮುಂದಕ್ಕೆ ಆರು ಗೇರು, ಹಿಂದಕ್ಕೆ ಎರಡು. ನಿಜವಾಗಿ ಇರುವುದು ಮುಂದಕ್ಕೆ ಮೂರು, ಹಿಂದಕ್ಕೆ ಒಂದು. ಪಕ್ಕದ ಗಿಡ್ಡ ಕೋಲೊಂದು ಅವನ್ನು ನಿಧಾನದ ಮತ್ತು ವೇಗದ ಎರಡು ಸಾಲುಗಳಾಗಿ ಇಮ್ಮಡಿಸುತ್ತದೆ. ಆ ಗಿಡ್ಡ ಕೋಲು ಎರಡರ ನಡುವಿನ ಸ್ಥಾನದಲ್ಲಿದ್ದರೆ ಮಾತ್ರ ಎಂಜಿನ್ನು ಚಾಲೂ ಆಗುವುದು. ಗೇರಿನಲ್ಲಿರುವಾಗ ಯಾರಾದರೂ ಕೀ ತಿರುಗಿಸಿದರೆ ಗಾಡಿ ಮುಂದಕ್ಕೆ ಹಾರದಿರಲಿ ಎಂಬ ಮುನ್ನೆಚ್ಚರಿಕೆ ಅದು. ಕ್ಲಚ್ಚಿನಲ್ಲಿ ಎರಡು ಹಂತ. ಅರ್ಧ ತುಳಿದರೆ ಚಕ್ರಕ್ಕೆ ಹೋಗುವ ಶಕ್ತಿ ನಿಲ್ಲುತ್ತದೆ. ಪೂರ್ತಿ ತುಳಿದರೆ ಹಿಂದಿನ ಯಂತ್ರಗಳನ್ನು ತಿರುಗಿಸುವ ದಂಡವೂ ನಿಲ್ಲುತ್ತದೆ. ಆ ದಂಡ ನಿಮಿಷಕ್ಕೆ 540 ಸುತ್ತು ತಿರುಗುವ ಲೆಕ್ಕದ್ದು. ಒಕ್ಕಣೆಯ ಯಂತ್ರವಾಗಲಿ ನೀರೆತ್ತುವ ಪಂಪಾಗಲಿ ಅದಕ್ಕೆ ಜೋಡಿಸಬಹುದು.

ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 6 ಅಡಿ ಅಂತರ. ಒಟ್ಟು ಉದ್ದ ಹತ್ತಡಿಯ ಆಸುಪಾಸು. ತೂಕ ಒಂದೂವರೆ ಟನ್ನಿಗೆ ತುಸು ಕಡಿಮೆ. ಚಕ್ರಗಳ ನಡುವಿನ ಅಗಲವನ್ನು ಬೆಳೆಯ ಸಾಲಿಗೆ ತಕ್ಕಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. “ಅಡಿಕೆ ಸಾಲಿಗೆ ಒಂಬತ್ತು ಅಡಿ ಬಿಡ್ತೀವಿ. ಅದರ ನಡುವೆ ಒಂದು ಮರಕ್ಕೂ ಗಾಯ ಮಾಡದ ಹಾಗೆ ಹೋಗಿ ಬರುತ್ತೆ. ಈಗಿನ ದೊಡ್ಡ ಗಾಡಿಗಳು ತೋಟಕ್ಕೆ ಬಂದರೆ ಮದುವೆ ಮನೆಗೆ ಆನೆ ಬಂದ ಹಾಗೆ,” ಎಂದರು ತಂದೆಯವರು.

ಇಷ್ಟೆಲ್ಲ ಆದ ಮೇಲೆ ಅವರು ಗಾಡಿಯ ಹಿಂಭಾಗಕ್ಕೆ ನನ್ನನ್ನು ಕರೆದುಕೊಂಡು ಹೋದರು. “ಇದರ ಜೀವ ಇರೋದು ಮುಂದೆ ಅಲ್ಲ, ಇಲ್ಲಿ” ಎಂದು ಮೂರು ತೋಳುಗಳನ್ನು ತೋರಿಸಿದರು. ಕೆಳಗೆ ಎಡಕ್ಕೊಂದು, ಬಲಕ್ಕೊಂದು, ಮೇಲೆ ನಡುವಿನಲ್ಲೊಂದು. ನೇಗಿಲನ್ನು ಹಗ್ಗದಲ್ಲಿ ಕಟ್ಟಿ ಎಳೆಯುವುದಲ್ಲ. ಈ ಮೂರು ತೋಳುಗಳಿಗೆ ಬಿಗಿದು ಗಾಡಿಯ ಅಂಗವನ್ನಾಗಿ ಮಾಡಿಕೊಳ್ಳುವುದು.

ಇದರ ಹಿಂದೆ ಒಬ್ಬ ಹಟವಾದಿಯ ಬಾಳಿನ ಕತೆಯೇ ಇದೆ. ಹ್ಯಾರಿ ಫರ್ಗುಸನ್ ಹುಟ್ಟಿದ್ದು 1884ರಲ್ಲಿ, ಐರ್ಲೆಂಡಿನ ಒಂದು ಬೇಸಾಯದ ಮನೆಯಲ್ಲಿ. 1909ರಲ್ಲಿ ತಾನೇ ಕಟ್ಟಿದ ವಿಮಾನವನ್ನು ಹಾರಿಸಿದ ಸಾಹಸಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಟ್ರಾಕ್ಟರುಗಳ ಕೆಲಸವನ್ನು ನೋಡುತ್ತ ಊರೂರು ತಿರುಗಿದಾಗ ಅವನ ಕಣ್ಣಿಗೆ ಬಿದ್ದದ್ದು ಅವುಗಳ ಅಪಾಯ. ಹಿಂದೆ ಕಟ್ಟಿದ ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಗಾಡಿ ಮುಂಗಾಲನ್ನೆತ್ತಿದ ಕುದುರೆಯಂತೆ ಎದ್ದು, ಓಡಿಸುವವನ ಮೇಲೆಯೇ ಮಗುಚಿ ಬೀಳುತ್ತಿತ್ತು. ಇದಕ್ಕೆ ಪರಿಹಾರವನ್ನು ಹುಡುಕುವುದರಲ್ಲಿ ಅವನ ಹಲವು ವರ್ಷಗಳು ಕಳೆದವು. 1938ರಲ್ಲಿ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡನಿಗೆ ತನ್ನ ಗಾಡಿಯ ಕೆಲಸವನ್ನು ತೋರಿಸಿದ. ಕಾಗದಪತ್ರವಿಲ್ಲದೆ, ಕೈ ಕುಲುಕಿ ಇಬ್ಬರೂ ಒಪ್ಪಂದ ಮಾಡಿಕೊಂಡರು. 1939ರಲ್ಲಿ ಅವರ ಟ್ರಾಕ್ಟರು ಹೊರಬಂತು. ಫೋರ್ಡನ ಮೊಮ್ಮಗನ ಕಾಲಕ್ಕೆ ಆ ಕೈಮಾತು ಮುರಿದು ಮೊಕದ್ದಮೆಯಾಯಿತು. 1952ರಲ್ಲಿ ತೊಂಬತ್ತೆರಡೂವರೆ ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ಫರ್ಗುಸನ್ 1946ರಿಂದಲೇ ಕೊವೆಂಟ್ರಿಯಲ್ಲಿ ತನ್ನ ಹೆಸರಿನ ಸಣ್ಣ ಬೂದು ಗಾಡಿಯನ್ನು ತಯಾರಿಸತೊಡಗಿದ್ದ. ಹತ್ತು ವರ್ಷಗಳಲ್ಲಿ ಅದು ಐದು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿ ದಕ್ಷಿಣ ಧ್ರುವವನ್ನು ಮುಟ್ಟಿದ್ದು ಅದೇ ಜಾತಿಯ ಟ್ರಾಕ್ಟರುಗಳನ್ನೇರಿ. ನಮ್ಮ ಮೂವತ್ತೈದು ಆ ಬೂದು ಗಾಡಿಯ ತರುವಾಯ ಹುಟ್ಟಿದ ಮಗು.

ಮೂರು ತೋಳುಗಳ ಗುಟ್ಟನ್ನು ನಾನು ಪುಸ್ತಕದಿಂದಲೂ ತಂದೆಯವರಿಂದಲೂ ಅರಿತುಕೊಂಡದ್ದು ಹೀಗೆ. ಮರದ ನೇಗಿಲಿನ ಗುಳ ಬೇರಿಗೆ ಸಿಕ್ಕಿದರೆ ಮೇಣಿ ಮುಂದಕ್ಕೆ ಎಗರುತ್ತದೆ. ಇದು ಉತ್ತವರೆಲ್ಲರ ಅನುಭವ. ಟ್ರಾಕ್ಟರಿನ ನೇಗಿಲೂ ಹಾಗೆಯೇ ಮುಂದಕ್ಕೆ ಎಗರಲು ಹವಣಿಸುತ್ತದೆ. ಆಗ ಅದು ಮೇಲಿನ ತೋಳನ್ನು ಗಾಡಿಯ ಕಡೆಗೆ ನೂಕುತ್ತದೆ. ಆ ನೂಕು ಒಂದು ಸ್ಪ್ರಿಂಗನ್ನು ಅದುಮಿ ಹೈಡ್ರಾಲಿಕ್ಕಿನ ಬಾಗಿಲನ್ನು ಅಲುಗಿಸುತ್ತದೆ. ನೆಲ ಗಟ್ಟಿಯಾದರೆ ನೇಗಿಲು ತಾನಾಗಿ ಒಂದಿಷ್ಟು ಮೇಲೇಳುತ್ತದೆ. ನೆಲ ಮೆದುವಾದರೆ ಮತ್ತೆ ಇಳಿಯುತ್ತದೆ. ನೇಗಿಲಿನ ಭಾರ ಹಿಂದಿನ ಚಕ್ರಗಳ ಮೇಲೆ ಕುಳಿತು ಅವಕ್ಕೆ ಹಿಡಿತ ಕೊಡುತ್ತದೆ. ಮೇಲಿನ ತೋಳಿನ ನೂಕು ಗಾಡಿಯ ಮೂತಿಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಗಾಡಿ ಎದ್ದೇಳುವುದಿಲ್ಲ.

“ಅದಕ್ಕೆ ನೆಲದ ನಾಡಿ ಗೊತ್ತಾಗುತ್ತೆ,” ಎಂದರು ತಂದೆಯವರು. ಕೈಪಿಡಿಯ ಎರಡು ಪುಟಗಳು ಆ ಒಂದು ಮಾತಿನಲ್ಲಿ ಬಂದುಬಿಟ್ಟವು.

ಮಾರನೆಯ ಬೆಳಿಗ್ಗೆ ಫೋಟೋ ತೆಗೆಯಬೇಕಾಗಿತ್ತು. ತಂದೆಯವರು ತೋಟದ ಕಡೆ ಹೋಗಿದ್ದರು. ಗಾಡಿಯನ್ನು ಕೊಟ್ಟಿಗೆಯಿಂದ ಆಚೆ ತಂದು ನಿಲ್ಲಿಸಲು ಮಾತ್ರ ನನಗೆ ಅನುಮತಿ. ಕಾರು ಓಡಿಸಬಲ್ಲವನಾದ್ದರಿಂದ ಅಷ್ಟನ್ನು ಸಾಧಿಸಿದೆ. ಆದರೆ ಅಂಗಳದ ಅಂಚಿನಲ್ಲಿ ಹಿಂದೆಂದೋ ಕಡಿದ ತೆಂಗಿನ ಮರದ ಬೊಡ್ಡೆಯೊಂದು ಇತ್ತು. ಅದು ಫೋಟೋದ ಅಂದವನ್ನು ಕೆಡಿಸುತ್ತದೆ ಎಂದು ನನಗೆ ತೋರಿತು. ಹಿಂದಿನ ಸಂಜೆಯ ಪಾಂಡಿತ್ಯ ತಲೆಯಲ್ಲಿ ಇನ್ನೂ ಬಿಸಿಯಾಗಿತ್ತು. ಮೂವತ್ತೇಳು ಕುದುರೆಗಳಿಗೆ ಒಂದು ಬೊಡ್ಡೆ ಯಾವ ಲೆಕ್ಕ! ಸರಪಳಿಯನ್ನು ಬೊಡ್ಡೆಗೆ ಸುತ್ತಿ, ಇನ್ನೊಂದು ತುದಿಯನ್ನು ಗಾಡಿಗೆ ಕಟ್ಟಲು ಜಾಗ ಹುಡುಕಿದೆ. ಬಗ್ಗದೆ ನಿಂತಲ್ಲಿಯೇ ಕೈಗೆ ಎಟುಕಿದ್ದು ಮೇಲಿನ ತೋಳಿನ ತೂತು. ಅಲ್ಲಿಗೆ ಸಿಕ್ಕಿಸಿದೆ. ನಿಧಾನದ ಸಾಲಿನ ಮೊದಲನೆಯ ಗೇರು ಹಾಕಿ ಕ್ಲಚ್ಚು ಬಿಟ್ಟೆ.

ಸರಪಳಿ ಬಿಗಿಯಿತು. ಬೊಡ್ಡೆ ಅಲುಗಲಿಲ್ಲ. ಮುಂದೇನಾಯಿತೆಂಬುದನ್ನು ಹೇಳಲು ಹಿಡಿಯುವ ಕಾಲ, ಆಗಲು ಹಿಡಿದ ಕಾಲಕ್ಕಿಂತ ಹೆಚ್ಚು. ಎದುರಿಗಿದ್ದ ಮನೆ ಕಾಣದಾಯಿತು; ಬಾನೆಟ್ಟಿನ ಹಿಂದೆ ಆಕಾಶ ಕಂಡಿತು. ನಾನು ಬೆನ್ನಿನ ಮೇಲೆ ಒರಗಿದಂತಾಯಿತು. ಎಲ್ಲಿಂದಲೋ “ಕ್ಲಚ್ಚೂ!” ಎಂಬ ಕೂಗು ಕೇಳಿಸಿತು. ಕ್ಲಚ್ಚಿನ ಮೇಲಿಂದ ಕಾಲನ್ನು ಪೂರ್ತಿ ತೆಗೆಯದಿರುವುದು ಹೊಸಬರ ಕೆಟ್ಟ ಚಾಳಿ. ಅದರಿಂದ ಕ್ಲಚ್ಚು ಬೇಗ ಸವೆಯುತ್ತದೆ. ಆ ಕೆಟ್ಟ ಚಾಳಿಯೇ ನನ್ನನ್ನು ಉಳಿಸಿತು. ಕಾಲು ತಾನಾಗಿ ಒತ್ತಿತು. ಮುಂದಿನ ಚಕ್ರಗಳು ಧೊಪ್ಪನೆ ನೆಲಕ್ಕೆ ಬಿದ್ದವು.

ತಂದೆಯವರು ಮಂಡಿನೋವನ್ನು ಮರೆತು ಓಡಿ ಬಂದಿದ್ದರು. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ಕೈ ಚಾಚಿ ಎಂಜಿನ್ನನ್ನು ನಿಲ್ಲಿಸಿದರು. ಸರಪಳಿ ಕಟ್ಟಿದ ಜಾಗವನ್ನು ನೋಡಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಅವರ ಕೈಗಳು ನಡುಗುತ್ತಿದ್ದವು.

ಬಹಳ ಹೊತ್ತಿನ ಮೇಲೆ ಹೇಳಿದರು: “ನಿನ್ನ ಚಿಕ್ಕಪ್ಪನೂ ಹೀಗೇ ಹೋದದ್ದು.”

ಚಿಕ್ಕಪ್ಪನನ್ನು ನಾನು ಬಲ್ಲದ್ದು ನಡುಮನೆಯ ಗೋಡೆಯ ಮೇಲಿನ ಪಟದಲ್ಲಿ ಮಾತ್ರ. ಹತ್ತೊಂಬತ್ತು ವರ್ಷದ, ಕ್ರಾಪು ಬಾಚಿದ ಹುಡುಗ. ‘ಟ್ರಾಕ್ಟರಿನಿಂದ ಬಿದ್ದು ತೀರಿಕೊಂಡ’ ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದುದು. ಅದರಾಚೆಗೆ ಯಾರೂ ಮಾತನಾಡುತ್ತಿರಲಿಲ್ಲ.

“1978ನೇ ಇಸವಿ. ಮುಂಗಾರಿನ ಗಾಳಿಗೆ ತೋಟದಲ್ಲಿ ಮರ ಉರುಳಿತ್ತು. ಅದನ್ನ ಎಳೀಬೇಕಾಗಿತ್ತು. ಓಡಿಸಿದವನು ಅವನು. ಸರಪಳಿ ಕಟ್ಟಿದವನು ನಾನು.” ಅವರು ಬೆರಳು ತೋರಿಸಿದರು. “ಅದೇ ತೂತಿಗೆ. ಎತ್ತರದಲ್ಲಿ ಕಟ್ಟಿದರೆ ಮರದ ಬುಡ ಮೇಲೆದ್ದು ಬರುತ್ತೆ, ಸುಲಭ ಆಗುತ್ತೆ ಅಂತ ನನ್ನ ಬುದ್ಧಿ. ನನಗೆ ಏನು ಗೊತ್ತಿತ್ತು? ಕೂಗೋದಕ್ಕೂ ಆಗಲಿಲ್ಲ.”

ಅಜ್ಜಿ ಗಾಡಿಯನ್ನು ಮಾರಿಬಿಡಿ ಎಂದು ಅತ್ತರಂತೆ. ಸಾಲ ತೀರಿರಲಿಲ್ಲ. ತಂದೆಯವರೂ ಬೇಡವೆಂದರಂತೆ. “ಕಟ್ಟಿದ್ದು ನಾನು. ಅದೇನು ಮಾಡಿತು? ಅದನ್ನ ಮಾರಿದರೆ ತಪ್ಪು ಅದರ ಮೇಲೆ ಹೋಗುತ್ತೆ” ಎಂದರು ನನಗೆ. ಅಂದಿನಿಂದ ಆ ಗಾಡಿಗೆ ಬೇರೆ ಯಾರೂ ಸರಪಳಿ ಕಟ್ಟದ ಹಾಗೆ ನೋಡಿಕೊಂಡರು. ಮಗನನ್ನು ಸೀಟಿನ ಮೇಲೆ ಕೂರಿಸಲಿಲ್ಲ. ‘ನೀನು ಓದಿಕೋ ಹೋಗು’ ಎಂಬ ಮಾತಿನ ಅರ್ಥ ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು. ಕಾವ್ಯಕ್ಕೆ ಅರ್ಥ ಹೇಳಿ ಸಂಬಳ ಪಡೆಯುವವನು ನಾನು!

ಆ ರಾತ್ರಿ ನಿದ್ರೆ ಬರಲಿಲ್ಲ. ದೀಪ ಹಾಕಿಕೊಂಡು ಕೈಪಿಡಿಯ ಉಳಿದ ಹಾಳೆಗಳನ್ನು ಮಗುಚಿದೆ. ಅಲ್ಲಿ ಇತ್ತು. ಭಾರವನ್ನು ಎಳೆಯುವಾಗ ಸರಪಳಿಯನ್ನು ಕೆಳಗಿನ ಡ್ರಾಬಾರಿಗೆ ಮಾತ್ರ ಕಟ್ಟಬೇಕು. ಮೇಲಿನ ತೋಳಿನ ಜಾಗಕ್ಕೆ ಎಂದೂ ಕಟ್ಟಕೂಡದು. ಕಟ್ಟಿದರೆ ಗಾಡಿ ಹಿಂದಕ್ಕೆ ಮಗುಚೀತು ಎಂಬ ಅರ್ಥದ ಎರಡು ಸಾಲು. ಕಾರಣವೂ ಯೋಚಿಸಿದರೆ ಸರಳವೇ. ಗಟ್ಟಿಯಾಗಿ ಕಾಲೂರಿ ನಿಂತವನ ಹೆಗಲಿಗೆ ಹಗ್ಗ ಕಟ್ಟಿ ಹಿಂದಿನಿಂದ ಜಗ್ಗಿದರೆ ಅಂಗಾತ ಬೀಳುತ್ತಾನೆ. ಪಾದದ ಬಳಿ ಕಟ್ಟಿ ಜಗ್ಗಿದರೆ ಹಾಗೆ ಬೀಳುವುದಿಲ್ಲ. ಚಕ್ರ ಮುಂದಕ್ಕೆ ಉರುಳಲಾರದೆ ನಿಂತಾಗ ಎಂಜಿನ್ನಿನ ಬಲ ಚಕ್ರವನ್ನು ತಿರುಗಿಸುವ ಬದಲು ಗಾಡಿಯ ಮೈಯನ್ನೇ ಹಿಂದಿನ ಅಚ್ಚಿನ ಸುತ್ತ ತಿರುಗಿಸತೊಡಗುತ್ತದೆ. ಎಳೆತ ಅಚ್ಚಿಗಿಂತ ಎತ್ತರದಲ್ಲಿದ್ದರೆ ಅದಕ್ಕೆ ಇನ್ನಷ್ಟು ಇಂಬು. ಫರ್ಗುಸನ್ನನ ಮೇಲ್ದೋಳು ನೂಕಿಸಿಕೊಂಡಾಗ ಗಾಡಿಯನ್ನು ಕಾಯುತ್ತದೆ. ಅದನ್ನೇ ಹಿಂದಕ್ಕೆ ಎಳೆದರೆ ಕೊಲ್ಲುತ್ತದೆ. ಅಪಾಯವನ್ನು ನಿವಾರಿಸಲು ಹುಟ್ಟಿದ ತೋಳನ್ನೇ ನಮ್ಮ ಮನೆಯಲ್ಲಿ ಅಪಾಯಕ್ಕೆ ಕಟ್ಟಿದ್ದೆವು.

1973ರಿಂದ 1978ರವರೆಗೆ ಆ ಎರಡು ಸಾಲು ನಮ್ಮ ದೇವರ ಗೂಡಿನಲ್ಲಿ, ಕೆಂಪು ವಸ್ತ್ರದೊಳಗೆ, ಕುಂಕುಮದ ಕೆಳಗೆ ಇದ್ದವು. ಮನೆಯಲ್ಲಿ ಇಂಗ್ಲೀಷು ಬಲ್ಲವರು ಯಾರೂ ಇರಲಿಲ್ಲ.

ಇದನ್ನು ತಂದೆಯವರಿಗೆ ಹೇಳುವುದೋ ಬೇಡವೋ? ಹೇಳಿದರೆ ಮುದುಕರ ಎದೆಯ ಹುಣ್ಣನ್ನು ಮತ್ತೆ ಕೆದಕಿದಂತೆ. ಹೇಳದಿದ್ದರೆ ಓದಬಲ್ಲ ಮಗನೂ ಆ ಪುಸ್ತಕಕ್ಕೆ ಮತ್ತೊಮ್ಮೆ ವಸ್ತ್ರ ಸುತ್ತಿದಂತೆ. ಬೆಳಗಿನ ಜಾವದವರೆಗೂ ತೀರ್ಮಾನವಾಗಲಿಲ್ಲ. ಕೊನೆಗೆ ಅವರೇ ಕೇಳಿದರು. ಕಾಫಿಯ ಲೋಟ ಹಿಡಿದು ಜಗಲಿಗೆ ಬಂದು, ನನ್ನ ಮುಖ ನೋಡದೆ, “ಪುಸ್ತಕದಲ್ಲಿ ಅದರ ವಿಷಯ ಏನಾದರೂ ಬರೆದಿದೆಯೇನೋ?” ಎಂದರು.

“ಬರೆದಿದೆಯಪ್ಪ.”

“ಓದು.”

ಕನ್ನಡದಲ್ಲಿ ಹೇಳಿದೆ. ಮುಗಿದ ಮೇಲೂ ಅವರು ಇನ್ನೇನೋ ಇದೆ ಎನ್ನುವಂತೆ ಕಾದರು.

“ಇಷ್ಟೇನಾ?”

“ಇಷ್ಟೇ. ಎರಡು ಸಾಲು.”

ಅವರು ಕಾಫಿಯನ್ನು ಕುಡಿಯಲಿಲ್ಲ. ಲೋಟವನ್ನು ಕೆಳಗಿಟ್ಟು ಅಂಗಳದ ಕಡೆ ನೋಡುತ್ತ ಕುಳಿತರು. ನನಗೆ ಪಶ್ಚಾತ್ತಾಪವಾಗತೊಡಗಿತು. ಆಗ ಅವರು, “ನೀನು ಆ ಹುಡುಗನಿಗೆ ಬರೀತಿದ್ದೀಯಲ್ಲ, ಮೊದಲು ಇದನ್ನ ಬರಿ. ಕುದುರೆ ಎಷ್ಟು, ಲೀಟರು ಎಷ್ಟು, ಎಲ್ಲ ಆಮೇಲೆ. ಕನ್ನಡದಲ್ಲಿ ಬರಿ” ಎಂದರು.

ಬರೆಯಲು ಕುಳಿತೆ. ವೃತ್ತಿಯ ಅಭ್ಯಾಸ ಬಿಡುತ್ತದೆಯೇ? ‘ಊರ್ಧ್ವ ಸಂಯೋಜಕ ದಂಡದ ರಂಧ್ರಕ್ಕೆ ಶೃಂಖಲೆಯನ್ನು ಬಂಧಿಸತಕ್ಕದ್ದಲ್ಲ’ ಎಂದು ಆರಂಭಿಸಿ ತಂದೆಯವರಿಗೆ ಓದಿ ಹೇಳಿದೆ. ಆ ಎರಡು ದಿನಗಳಲ್ಲಿ ಅವರ ಮುಖದಲ್ಲಿ ಮೊದಲ ಸಲ ನಗು ಮೂಡಿತು. “ಇದನ್ನ ಓದಿ ಅರ್ಥ ಮಾಡಿಕೊಳ್ಳೋ ಹೊತ್ತಿಗೆ ಗಾಡಿ ಮಗುಚಿರುತ್ತೆ. ಟಾಪ್ ಲಿಂಕಿನ ತೂತಿಗೆ ಸರಪಳಿ ಕಟ್ಟಬೇಡ, ಸಾಯ್ತೀಯ ಅಂತ ಬರಿ” ಎಂದರು. ಹಾಗೆಯೇ ಬರೆದೆ. ಇಷ್ಟು ವರ್ಷ ಕನ್ನಡ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯ ವಾಕ್ಯವನ್ನು ಬರೆದ ನೆನಪಿಲ್ಲ.

ಒಟ್ಟು ಒಂದು ಪುಟವಾಯಿತು. ಸರಪಳಿ ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು. ಮೂತಿ ಎದ್ದರೆ ಏನು ಮಾಡಬೇಕು. ಮಡ್ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಬಾರದು. ಹಿಂದಿನ ದಂಡ ತಿರುಗುತ್ತಿರುವಾಗ ಪಂಚೆಯುಟ್ಟು ಹತ್ತಿರ ಹೋಗಬಾರದು. ಕೊನೆಗೆ ಇನ್ನೊಂದು ಮಾತನ್ನೂ ಸೇರಿಸಿದೆ. ಸ್ವೀಡನ್ ದೇಶದಲ್ಲಿ 1959ರಲ್ಲಿಯೇ ಹೊಸ ಟ್ರಾಕ್ಟರುಗಳಿಗೆಲ್ಲ, ಮಗುಚಿದರೂ ಸೀಟಿನಲ್ಲಿರುವವನು ಜಜ್ಜಿಹೋಗದಂತೆ ತಡೆಯುವ ಗಟ್ಟಿ ಚೌಕಟ್ಟನ್ನು ಕಡ್ಡಾಯ ಮಾಡಿದರು. ನಮ್ಮ ಗಾಡಿಗೆ ಅದು ಇಲ್ಲ. ಕೊಂಡವನು ಅದನ್ನು ಹಾಕಿಸಿಕೊಳ್ಳಬೇಕು. ಇವೆಲ್ಲದರ ಕೆಳಗೆ ಅಶ್ವಶಕ್ತಿ, ಗೇರು, ಅಡಿ, ಅಂಗುಲ.

ಆಯುಧಪೂಜೆಯ ಮಾರನೆಯ ದಿನ, ವಿಜಯದಶಮಿಯಂದು ಆ ತರುಣ ತನ್ನ ತಮ್ಮನನ್ನು ಕರೆದುಕೊಂಡು ಬಂದ. ಬೆಲೆಯ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು. ಹಣವನ್ನು ಎಣಿಸುವ ಮೊದಲು ತಂದೆಯವರು, “ಒಂದು ಷರತ್ತು. ಈ ಹಾಳೆಯನ್ನ ನನ್ನ ಮುಂದೆ ಗಟ್ಟಿಯಾಗಿ ಓದಬೇಕು” ಎಂದರು. ತರುಣ ತಮಾಷೆಯೆಂದುಕೊಂಡು ನಕ್ಕ. ತಂದೆಯವರು ನಗಲಿಲ್ಲ. ಅವನು ಓದಿದ. “ನಿನ್ನ ತಮ್ಮನೂ ಓದಲಿ” ಎಂದರು. ಹುಡುಗನಿಗೆ ಹದಿನೆಂಟು ಹತ್ತೊಂಬತ್ತು ಇರಬಹುದು. ಅವನೂ ಓದಿದ. ತಂದೆಯವರು ಅವನ ಮುಖವನ್ನೇ ನೋಡುತ್ತಿದ್ದರು. ಒಳಗಿನಿಂದ ಅಮ್ಮ ಸೆರಗಿನ ಅಂಚನ್ನು ಹಿಡಿದು ನಿಂತು ಕೇಳುತ್ತಿದ್ದರು.

ಈ ವಾರಪತ್ರಿಕೆಯನ್ನು ಓದುವವರ ಮನೆಗಳಲ್ಲಿ ಟ್ರಾಕ್ಟರು ಇರಲಾರದು. ಆದರೆ ಗ್ಯಾಸಿನ ಒಲೆ, ನೀರು ಕಾಯಿಸುವ ಗೀಸರು, ಮಿಕ್ಸಿ, ಹಳೆಯ ಸ್ಕೂಟರು ಇದ್ದೇ ಇವೆ. ಅವುಗಳ ಜೊತೆಗೆ ಬಂದ ಪುಸ್ತಕ ಯಾವುದೋ ಸೆಳೆಖಾನೆಯಲ್ಲಿ ಭದ್ರವಾಗಿದೆ. ಅವನ್ನು ದಿನವೂ ಮುಟ್ಟುವವರು, ಮನೆಯ ಹಿರಿಯರೋ ಕೆಲಸಕ್ಕೆ ಬರುವಾಕೆಯೋ, ಆ ಪುಸ್ತಕದ ಭಾಷೆಯನ್ನು ಬಲ್ಲರೇ ಎಂದು ಒಮ್ಮೆ ಕೇಳಿಕೊಳ್ಳಿರಿ. ಬಾರದಿದ್ದರೆ ಎಚ್ಚರಿಕೆಯ ಆ ಎರಡು ಸಾಲುಗಳನ್ನಾದರೂ ಅವರ ಮಾತಿನಲ್ಲಿ ಹೇಳಿರಿ. ಓದು ಬಂದವರು ಮನೆಗೆ ತೀರಿಸಬೇಕಾದ ಋಣಗಳಲ್ಲಿ ಅದೂ ಒಂದು.

ಗಾಡಿ ಹೊರಟಿತು. ಚಕ್ರದ ಕೆಳಗಿಟ್ಟ ನಿಂಬೆಹಣ್ಣುಗಳು ಅಪ್ಪಚ್ಚಿಯಾದವು. ಅಮ್ಮ ಒಳಗೆ ಹೋದರು. ತಂದೆಯವರು ಜಗಲಿಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು. ಅಳುತ್ತಿದ್ದಾರೇನೋ ಎಂದು ಹತ್ತಿರ ಹೋದೆ. ಅವರು ಸುಮ್ಮನಿರೆಂದು ಕೈ ತೋರಿಸಿದರು. ಕೆರೆಯ ಏರಿ ದಾಟಿ ಸದ್ದು ಅಡಗುವವರೆಗೂ ಕಿವಿಗೊಟ್ಟಿದ್ದು, ಆಮೇಲೆ ಹೇಳಿದರು:

“ಮೂರು ಒನಕೆಯೂ ಸರಿಯಾಗಿ ಬೀಳ್ತಿವೆ.”